15 ವರ್ಷದ ಸ್ವಿಫ್ಟ್ ಯಾಕೆ ಇಷ್ಟು ಪೆಟ್ರೋಲ್ ಕುಡಿಯುತ್ತಿದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರದ ಅಡಿಕೆ ಕೃಷಿಕ. ನನ್ನ ಹತ್ತಿರ 2010ರ ಸ್ವಿಫ್ಟ್ ಪೆಟ್ರೋಲ್ ಕಾರು ಇದೆ. 1.2 ಲೀಟರ್ ಎಂಜಿನ್, 1,28,000 ಕಿ.ಮೀ. ಓಡಿದೆ. ಮೊದಲು ಲೀಟರಿಗೆ 16 ಕಿ.ಮೀ. ಕೊಡುತ್ತಿತ್ತು, ಈಗ ಹನ್ನೊಂದೂವರೆಗೆ ಇಳಿದಿದೆ. ದಿನಾ ಬದಿಯಡ್ಕ, ಕುಂಬಳೆ ಓಡಾಟ, ತಿಂಗಳಿಗೆ ಮೂರು ಸಲ ಮಂಗಳೂರು, ಒಟ್ಟು 900 ಕಿ.ಮೀ. ಆಗುತ್ತದೆ. ಎರಡು ವರ್ಷದ ಹಿಂದೆ ಎಂಜಿನ್ ಬಿಸಿಯಾಗುತ್ತಿತ್ತು. ಗ್ಯಾರೇಜಿನಲ್ಲಿ ಸರಿ ಮಾಡಿದರು, ಆಮೇಲೆ ಒಮ್ಮೆಯೂ ಬಿಸಿಯಾಗಿಲ್ಲ. ಕಳೆದ ವರ್ಷ ಟಯರ್ ಸ್ವಲ್ಪ ಅಗಲದ್ದು ಹಾಕಿಸಿದೆ. ಎಲ್ಲರೂ ಎಥನಾಲ್ ಪೆಟ್ರೋಲಿನದ್ದೇ ತಪ್ಪು ಅನ್ನುತ್ತಾರೆ. ಮೈಲೇಜ್ ಹೆಚ್ಚಿಸುವ ಬಾಟಲಿ ಹಾಕಬಹುದಾ? ಗಡಿ ದಾಟಿ ಕರ್ನಾಟಕದ ಪಂಪಿನಲ್ಲಿ ಹಾಕಿಸಿದರೆ ಲಾಭ ಉಂಟಾ? ಹೋಗಿ ಬರಲು 14 ಕಿ.ಮೀ. ಆಗುತ್ತದೆ. ಅಥವಾ ಕಾರನ್ನೇ ಕೊಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. "ಆಮೇಲೆ ಒಮ್ಮೆಯೂ ಬಿಸಿಯಾಗಿಲ್ಲ." ನೀವು ಅದನ್ನು ಒಳ್ಳೆಯ ಸುದ್ದಿ ಎಂದು ಬರೆದಿದ್ದೀರಿ. ನನಗೆ ಅದೇ ದೊಡ್ಡ ಅನುಮಾನ. ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ. ಮೊದಲು ಎಲ್ಲರೂ ಬೈಯುತ್ತಿರುವ ಎಥನಾಲ್ ಲೆಕ್ಕವನ್ನು ಮುಗಿಸೋಣ, ಯಾಕಂದ್ರೆ ಅದರಲ್ಲಿ ಅರ್ಧ ಸತ್ಯ ಇದೆ.

ಈಗ ನಮ್ಮ ಪಂಪುಗಳಲ್ಲಿ ಸಿಗುವುದು ಇ20 ಪೆಟ್ರೋಲ್. ಅಂದರೆ ಒಂದು ಲೀಟರಿನಲ್ಲಿ ಐದನೇ ಒಂದು ಪಾಲು ಎಥನಾಲ್. ಎಥನಾಲಿನಲ್ಲಿ ಇರುವ ಶಕ್ತಿ ಅಷ್ಟೇ ಅಳತೆಯ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಹಾಗಾಗಿ ಇ20ಯ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ 6-7% ಶಕ್ತಿ ಕಡಿಮೆ. ನೀತಿ ಆಯೋಗ 2021ರಲ್ಲಿ ಹೊರಡಿಸಿದ ಎಥನಾಲ್ ವರದಿಯಲ್ಲೂ ಹಳೆಯ ಕಾರುಗಳಿಗೆ ಹೆಚ್ಚುಕಡಿಮೆ ಇದೇ ಲೆಕ್ಕ ಕೊಟ್ಟಿದ್ದಾರೆ. ನಿಮ್ಮ ಕಾರು ಇ20ಗೆ ಅಂತ ತಯಾರಾದದ್ದಲ್ಲ. ಆದ್ದರಿಂದ ಪೂರ್ತಿ 7% ಹಿಡಿಯೋಣ. 16ರಲ್ಲಿ 7% ಅಂದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. 16 ಇದ್ದದ್ದು 15ರ ಹತ್ತಿರ ಬರಬೇಕಿತ್ತು. ನಿಮ್ಮದು ಹನ್ನೊಂದೂವರೆಗೆ ಬಂದಿದೆ. ಉಳಿದ ಮೂರೂವರೆ ಕಿಲೋಮೀಟರ್ ಎಲ್ಲಿ ಹೋಯಿತು? ಅದು ಕಾರಿನೊಳಗೇ ಎಲ್ಲೋ ಸೋರುತ್ತಿದೆ. ಎಥನಾಲನ್ನು ಬೈದುಕೊಂಡು ಕೂತರೆ ಅದು ಸಿಗುವುದಿಲ್ಲ.

ಸೋರಿಕೆ ಹುಡುಕುವ ಮೊದಲು ಆ ಹನ್ನೊಂದೂವರೆ ಸರಿಯಾದ ಅಳತೆಯಾ ಅಂತ ತಿಳಿಯಬೇಕು. ಐನೂರು ರೂಪಾಯಿಯ ಪೆಟ್ರೋಲ್ ಹಾಕಿ, ಮುಳ್ಳು ಕೆಳಗೆ ಬರುವವರೆಗೆ ಓಡಿಸಿ ಲೆಕ್ಕ ಹಾಕಿದ್ದರೆ ಅದನ್ನು ನಂಬಬೇಡಿ. ನಮ್ಮದು ಗುಡ್ಡೆಯ ಊರು. ಚಡಾವಿನಲ್ಲಿ ನಿಂತಾಗ ಒಂದು ಮುಳ್ಳು, ಇಳಿಜಾರಿನಲ್ಲಿ ಇನ್ನೊಂದು. ಸರಿಯಾದ ದಾರಿ ಒಂದೇ. ಒಂದೇ ಪಂಪ್, ಒಂದೇ ಜಾಗದಲ್ಲಿ ಕಾರು ನಿಲ್ಲಿಸಿ, ಪೈಪು ತಾನಾಗಿ ಮೊದಲ ಸಲ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ. ಮೇಲಿಂದ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ತುರುಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ನಿಮ್ಮ ಟ್ಯಾಂಕ್ 43 ಲೀಟರಿನದು, ಕನಿಷ್ಠ 300 ಕಿ.ಮೀ. ಓಡಿಸಿ ಅಲ್ಲಿಯೇ ಬಂದು ಮತ್ತೆ ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆದರೆ ಅದು ನಿಮ್ಮ ನಿಜವಾದ ಮೈಲೇಜ್.

ಅಗಲ ಟಯರಿನಿಂದ ಮೀಟರ್ ತಪ್ಪು ತೋರಿಸುತ್ತಿದೆಯೋ ಏನೋ ಎಂಬ ಅನುಮಾನ ಕೆಲವರಿಗೆ ಬರುತ್ತದೆ. ನಿಮ್ಮ ಕಾರಿನ ಕೆಳಗಿನ ಎರಡು ಮಾಡೆಲ್‌ಗಳಿಗೆ ಕಂಪನಿಯವರು ಕೊಟ್ಟದ್ದು 165/80 ಆರ್14 (ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟಯರಿನ ಬದಿಯ ಎತ್ತರ ಎಂಬುದು, ಕೊನೆಯದು ರಿಮ್ಮಿನ ಅಳತೆ). ಮೇಲಿನ ಮಾಡೆಲ್‌ಗೆ 185/70 ಆರ್14. ಈ ಎರಡರ ಎತ್ತರದಲ್ಲಿ 1% ಕೂಡ ವ್ಯತ್ಯಾಸ ಇಲ್ಲ. ನೀವು ಹಾಕಿಸಿದ್ದು 185/70 ಆದರೆ ಮೀಟರ್ ಸರಿಯಾಗಿಯೇ ಇದೆ, ಚಿಂತೆ ಬೇಡ. 185/65 ಹಾಕಿಸಿದ್ದರೆ ಮಾತು ಬೇರೆ. ಆ ಚಕ್ರ ಗಿಡ್ಡ, ಸುತ್ತು ಜಾಸ್ತಿ ತಿರುಗುತ್ತದೆ. 100 ಕಿ.ಮೀ. ಓಡಿದರೆ ಮೀಟರಿನಲ್ಲಿ ಸುಮಾರು 104 ಬೀಳುತ್ತದೆ. ಆಗ ನಿಮ್ಮ ನಿಜವಾದ ಮೈಲೇಜ್ ಹನ್ನೊಂದೂವರೆಗಿಂತಲೂ ಕಡಿಮೆ. ಟಯರಿನ ಬದಿಯಲ್ಲಿ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ. ಅಗಲ ಟಯರ್ ಉರುಳಲು ಸ್ವಲ್ಪ ಹೆಚ್ಚು ಶಕ್ತಿ ಕೇಳುವುದು ನಿಜ. ಆದರೆ ಅದಕ್ಕಾಗಿ ಹೊಸ ಟಯರ್ ತೆಗೆದು ಬಿಸಾಡಬೇಡಿ. ಗಾಳಿ ಸರಿಯಾಗಿಟ್ಟರೆ ಸಾಕು. ಎಷ್ಟು ಗಾಳಿ ಎಂದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಸ್ಟಿಕ್ಕರ್ ಇರುತ್ತದೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿ ಹಾಕಿಸಿ.

ಈಗ ಆ ಸಾಲಿಗೆ ಬರುತ್ತೇನೆ.

ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಅಂತ ಒಂದು ಸಣ್ಣ ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿರುತ್ತದೆ, ನೀರು ರೇಡಿಯೇಟರಿಗೆ ಹೋಗುವುದಿಲ್ಲ. ಶಾಖ 80 ಡಿಗ್ರಿ ದಾಟಿದ ಮೇಲೆ ಮೆಲ್ಲ ತೆರೆಯುತ್ತದೆ. ಎಂಜಿನ್ ಬೇಗ ಬಿಸಿಯಾಗಿ ಆ ಬಿಸಿಯಲ್ಲೇ ನಿಲ್ಲಲಿ ಅಂತ ಈ ವ್ಯವಸ್ಥೆ. ಹಳೆಯದಾದಾಗ ವಾಲ್ವ್ ಕೆಲವೊಮ್ಮೆ ಮುಚ್ಚಿದಲ್ಲೇ ಅಂಟಿಕೊಳ್ಳುತ್ತದೆ. ಆಗ ಎಂಜಿನ್ ಕುದಿಯುತ್ತದೆ. ಹೊಸ ವಾಲ್ವ್ ಹಾಕುವುದು ಸರಿಯಾದ ರಿಪೇರಿ. ಆದರೆ ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ಇನ್ನೊಂದು ರೂಢಿ ಇದೆ. ವಾಲ್ವನ್ನೇ ತೆಗೆದು ಬಿಡುವುದು. ಅದರ ಜೊತೆಗೆ ರೇಡಿಯೇಟರ್ ಫ್ಯಾನನ್ನು ಡೈರೆಕ್ಟ್ ಮಾಡುವುದು. ಅಂದರೆ ಕೀ ತಿರುಗಿಸಿದ ಕೂಡಲೇ ಫ್ಯಾನ್ ತಿರುಗುತ್ತಲೇ ಇರುತ್ತದೆ. "ನಮ್ಮದು ಸೆಕೆಯ ಊರು, ವಾಲ್ವ್ ಯಾಕೆ ಬೇಕು" ಅನ್ನುತ್ತಾರೆ. ಕಾರು ಮತ್ತೆಂದೂ ಬಿಸಿಯಾಗುವುದಿಲ್ಲ. ಗಿರಾಕಿ ಖುಷಿಯಲ್ಲಿ ಹೋಗುತ್ತಾರೆ.

ಅಲ್ಲಿಂದಲೇ ಪೆಟ್ರೋಲ್ ಸೋರಿಕೆ ಶುರು. ನಿಮ್ಮ ಕಾರಿನಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಎಂದು ನಿರ್ಧರಿಸುವುದು ಕಂಪ್ಯೂಟರ್. ನೀರಿನ ಶಾಖ ಕಡಿಮೆ ಇದೆ ಎಂದು ಸೆನ್ಸರ್ ಹೇಳಿದರೆ, ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಅದು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಹಳೆಯ ಸ್ಕೂಟರಿನಲ್ಲಿ ಚೋಕ್ ಎಳೆದು ದಿನವಿಡೀ ಓಡಿಸಿದ ಹಾಗೆ. ಎಂಜಿನ್ ಎಣ್ಣೆಯೂ ಬಿಸಿಯಾಗದೆ ದಪ್ಪವಾಗಿಯೇ ಉಳಿಯುತ್ತದೆ. ಜೂನ್, ಜುಲೈ ಮಳೆಯಲ್ಲಿ ಪೆರ್ಲದಿಂದ ಬದಿಯಡ್ಕಕ್ಕೆ ಹೋಗಿ ಬರುವಷ್ಟರಲ್ಲಿ ಅಂಥ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ.

ನನ್ನ ಕೈಗೆ ಇಂಥದ್ದೇ ಒಂದು ಕಾರು ಬಂದಿತ್ತು. ನೀರ್ಚಾಲು ಕಡೆಯ ಒಬ್ಬರು ಮೇಷ್ಟ್ರದು. ಲೀಟರಿಗೆ ಹತ್ತು ಕೊಡುತ್ತಿತ್ತು. ಅದಕ್ಕೆ ಮೊದಲೇ ಬೇರೆ ಕಡೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಿ, ಪ್ಲಗ್ ಬದಲಿಸಿ, ಕಾರಿನೊಳಗಿನ ಪೆಟ್ರೋಲ್ ಪಂಪ್ ಕೂಡ ಹೊಸದು ಹಾಕಿಸಿದ್ದರು. ಹತ್ತು ಸಾವಿರಕ್ಕಿಂತ ಹೆಚ್ಚು ಖರ್ಚಾಗಿತ್ತು. ನಾನು ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿ 20 ಕಿ.ಮೀ. ಜೊತೆಗೆ ಹೋದೆ. ನೀರಿನ ಶಾಖ 65 ಡಿಗ್ರಿಗಿಂತ ಮೇಲೆ ಏರಲೇ ಇಲ್ಲ. ಬಿಚ್ಚಿ ನೋಡಿದರೆ ವಾಲ್ವಿನ ಜಾಗ ಖಾಲಿ. ಹೊಸ ಥರ್ಮೋಸ್ಟಾಟ್ ಹಾಕಿ, ಫ್ಯಾನನ್ನು ಮೊದಲಿನ ಹಾಗೆ, ಬಿಸಿಯಾದಾಗ ಮಾತ್ರ ಅದನ್ನು ತಿರುಗಿಸುವ ರಿಲೇಗೆ ಕೊಟ್ಟೆ. ಮುಂದಿನ ತಿಂಗಳು ಹದಿಮೂರೂವರೆ ಬಂತು. ಆ ಮೇಷ್ಟ್ರು ಖರ್ಚು ಮಾಡಿದ ಹಣ ನೆನೆದರೆ ಈಗಲೂ ನನಗೆ ಬೇಜಾರಾಗುತ್ತದೆ. ಬೇಕಾಗಿದ್ದದ್ದು ಒಂದು ಸಾವಿರದ ಆಸುಪಾಸಿನ ಸಾಮಾನು.

ನಿಮ್ಮ ಕಾರಿನಲ್ಲೂ ಹೀಗೇ ಆಗಿದೆ ಎಂದು ಇಲ್ಲಿಂದಲೇ ಆಣೆ ಇಡಲಾರೆ. ಪರೀಕ್ಷೆ ಮಾತ್ರ ಸುಲಭ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ, ಎಸಿ ಹಾಕಬೇಡಿ, ಬಾನೆಟ್ ತೆಗೆದು ನೋಡಿ. ಆಗಲೇ ಫ್ಯಾನ್ ತಿರುಗುತ್ತಿದ್ದರೆ ಅದನ್ನು ಡೈರೆಕ್ಟ್ ಮಾಡಿದ್ದಾರೆ ಎಂದು ಅರ್ಥ. ಆಮೇಲೆ ಸ್ಕ್ಯಾನರ್ ಇರುವ ಆಟೋ ಇಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಕಾರು ಓಡುತ್ತಿರುವಾಗ ನೀರಿನ ಶಾಖ ಎಷ್ಟಿರುತ್ತದೆ ಎಂದು ನೋಡಿಸಿ. ಅರ್ಧ ಗಂಟೆ ಓಡಿದ ಮೇಲೂ 80 ದಾಟದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಸ್ಕ್ಯಾನರ್ ಹಾಕಿದಾಗಲೇ ಆಕ್ಸಿಜನ್ ಸೆನ್ಸರನ್ನೂ ನೋಡಿಸಿ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಆರೋಗ್ಯವಾಗಿದ್ದರೆ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರುತ್ತ ಇಳಿಯುತ್ತ ಇರುತ್ತದೆ. ಮುದಿಯಾದರೆ ಮಂದವಾಗುತ್ತದೆ, ಇಲ್ಲವೇ ಕೆಳಗೇ ನಿಂತುಬಿಡುತ್ತದೆ. ಆಗ ಕಂಪ್ಯೂಟರ್ ಪೆಟ್ರೋಲ್ ಸಾಲದು ಎಂದುಕೊಂಡು ಸುರಿಯುತ್ತಲೇ ಹೋಗುತ್ತದೆ. ಎಂಜಿನ್ ಲೈಟ್ ಹತ್ತಲೇಬೇಕು ಎಂದೇನಿಲ್ಲ. ಇಲ್ಲಿ ನಿಮ್ಮ ಮನೆಯಲ್ಲೇ ಒಂದು ಸಾಕ್ಷಿ ಇದೆ. ಹೊಗೆ ಪರೀಕ್ಷೆಯ ಸರ್ಟಿಫಿಕೇಟ್. ಯಾರೂ ಅದನ್ನು ಓದುವುದಿಲ್ಲ, ಪೊಲೀಸರಿಗೆ ತೋರಿಸಲು ಇಟ್ಟುಕೊಳ್ಳುತ್ತಾರೆ ಅಷ್ಟೇ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು ಎಂದು ಇರುತ್ತದೆ. ಬಿಎಸ್ 4 ಎಂಬ ಹೊಗೆ ಮಾನದಂಡದ ಕಾರಿಗೆ ಮಿತಿ 0.3%. ನಿಮ್ಮದು ಆ ಮಿತಿಯನ್ನು ಮುಟ್ಟಿಕೊಂಡೇ ಇದ್ದರೆ, ಅಥವಾ ಮೂರು ಸಲ ಪರೀಕ್ಷೆ ಮಾಡಿ ಹೇಗೋ ಪಾಸಾಗಿದ್ದರೆ, ಪೆಟ್ರೋಲ್ ಪೂರ್ತಿ ಉರಿಯದೆ ಹೊರಗೆ ಹೋಗುತ್ತಿದೆ. ಪ್ಲಗ್ ಬಿಚ್ಚಿದರೂ ಗೊತ್ತಾಗುತ್ತದೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆಯ ಪಸೆ ಇದ್ದರೆ ಪಿಸ್ಟನ್ ರಿಂಗ್ ಕಡೆ ನೋಡಬೇಕು.

ಇನ್ನೊಂದು ಸೋರಿಕೆ ಚಕ್ರದಲ್ಲಿ. ನಮ್ಮ ಊರಿನ ಮಳೆಗೆ ಬ್ರೇಕ್ ಬಹಳ ಬೇಗ ಹಾಳಾಗುತ್ತದೆ. ಮುಂದಿನ ಬ್ರೇಕಿನ ಪಿನ್ನುಗಳು ತುಕ್ಕು ಹಿಡಿದು ಬಿಗಿಯುತ್ತವೆ. ಚಡಾವಿನ ಮನೆಯಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಹಿಂದಿನ ಶೂ ಡ್ರಮ್ಮಿಗೆ ಅಂಟುತ್ತದೆ. ಕಾರು ಓಡುತ್ತದೆ, ಆದರೆ ಬ್ರೇಕನ್ನು ಎಳೆದುಕೊಂಡೇ ಓಡುತ್ತದೆ. ಸಮತಟ್ಟಾದ ಜಾಗದ ಕೊನೆಗೆ ಸಣ್ಣ ಇಳಿಜಾರು ಸಿಕ್ಕಿದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಮೆಲ್ಲ ಬ್ರೇಕ್ ಬಿಡಿ. ತಾನಾಗಿ ಉರುಳಬೇಕು. ಹತ್ತು ಕಿಲೋಮೀಟರ್ ಓಡಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಬೇರೆಯದಕ್ಕಿಂತ ಕಾವಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಇದು ಮೈಲೇಜಿಗಿಂತಲೂ ನಿಮ್ಮ ಜೀವಕ್ಕೆ ಸಂಬಂಧಿಸಿದ ಮಾತು, ತಡ ಮಾಡಬೇಡಿ.

ಕ್ಲಚ್ ಸವೆದಿದ್ದರೂ ಪೆಟ್ರೋಲ್ ಹೋಗುತ್ತದೆ. ಮೂರನೇ ಗೇರಿನಲ್ಲಿ ಚಡಾವು ಹತ್ತುವಾಗ ಆಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಎಣ್ಣೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ತೆಳುವಾದದ್ದನ್ನೇ ಹಾಕಿಸಿ. "ಹಳೆ ಗಾಡಿಗೆ ದಪ್ಪ ಎಣ್ಣೆ ಒಳ್ಳೆದು" ಎಂದು 20ಡಬ್ಲ್ಯೂ40 ಹಾಕುವವರಿದ್ದಾರೆ, ಬೇಡ ಅನ್ನಿ.

ಏರ್ ಫಿಲ್ಟರ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕಂದ್ರೆ ಮೈಲೇಜ್ ಕಡಿಮೆ ಅಂದ ಕೂಡಲೇ ಎಲ್ಲರೂ ಮೊದಲು ಅದನ್ನೇ ಬದಲಿಸುತ್ತಾರೆ. ಕಂಪ್ಯೂಟರ್ ಇಲ್ಲದೆ ಕಾರ್ಬುರೇಟರೇ ಗಾಳಿ, ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಮಾರುತಿ 800ರಲ್ಲಿ ಅದು ನಿಜವಾಗಿತ್ತು. ನಿಮ್ಮದರಂಥ ಇಂಜೆಕ್ಷನ್ ಕಾರಿನಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ ಇದನ್ನೇ ಕಂಡರು. ಫಿಲ್ಟರ್ ಕಟ್ಟಿಕೊಂಡರೆ ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಅಷ್ಟಾಗಿ ಬದಲಾಗುವುದಿಲ್ಲ. ಕೆಂಪು ಮಣ್ಣಿನ ಧೂಳು ಎಂಜಿನ್ನಿಗೆ ಹೋಗಬಾರದು ಎಂಬುದಕ್ಕೆ ಫಿಲ್ಟರ್ ಬದಲಿಸಿ. ಮೈಲೇಜ್ ಏರುತ್ತದೆ ಎಂಬ ಆಸೆಯಿಂದ ಬೇಡ.

ಕಾರಿನ ಹೊರಗೂ ಒಂದು ಕಾರಣ ಇದೆ. ನೀವು ಮಂಗಳೂರಿಗೆ ಕುಂಬಳೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುತ್ತೀರಿ ಅಲ್ವಾ? ಹಿಂದೆ ಆ ರಸ್ತೆಯಲ್ಲಿ 50-60ಕ್ಕಿಂತ ಜಾಸ್ತಿ ಹೋಗಲು ಆಗುತ್ತಲೇ ಇರಲಿಲ್ಲ. ಈಗ ಆರು ಪಥ ಬಂತು, ಕಾಲು ತಾನಾಗಿ ಒತ್ತುತ್ತದೆ. ವೇಗ 70ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಾಗುತ್ತದೆ. ಮಾಡಿನ ಮೇಲೆ ಕ್ಯಾರಿಯರ್ ಇದ್ದರೆ ಇನ್ನೂ ಜಾಸ್ತಿ. ಮಂಗಳೂರಿಗೆ ಒಮ್ಮೆ 70-75ರಲ್ಲಿ ಹೋಗಿ ಬಂದು ಲೆಕ್ಕ ಹಾಕಿ. ತಲುಪಲು ಐದು-ಹತ್ತು ನಿಮಿಷ ತಡವಾಗಬಹುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇದು ನಮ್ಮ ಗುಡ್ಡೆ ಊರಿನ ಹಳೆಯ ನಂಬಿಕೆ. ಕಾರ್ಬುರೇಟರ್ ಕಾಲದಲ್ಲಿ ಅದರಿಂದ ಸ್ವಲ್ಪ ಉಳಿಯುತ್ತಿತ್ತು. ನಿಮ್ಮ ಕಾರಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಿರಲು ಪೆಟ್ರೋಲ್ ಕೊಡಲೇಬೇಕು. ಅಂದರೆ ಉಳಿಸಲು ಹೋಗಿ ಸುರಿಯುತ್ತೀರಿ. ಮೇಲಿಂದ ಬ್ರೇಕಿನ ಮೇಲೆ ಇಡೀ ಭಾರ. ಮಳೆಗಾಲದಲ್ಲಿ ನಾಲ್ಕು ಗೋಣಿ ಅಡಿಕೆ ತುಂಬಿಕೊಂಡು ನ್ಯೂಟ್ರಲ್‌ನಲ್ಲಿ ಇಳಿಯುವ ಕಾರು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಮೈಲೇಜ್ ಬಾಟಲಿ ಬೇಡವೇ ಬೇಡ. ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲಿನಿಂದಲೂ ನಿಮ್ಮ ಎಂಜಿನ್ನಿಗೆ ಲಾಭ ಇಲ್ಲ. ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲ್ ಕೆಲವು ನಗರಗಳಲ್ಲಿ ಸಿಗುತ್ತದೆ. ಅದರ ಬೆಲೆ ಸುಮಾರು ಒಂದೂವರೆ ಪಟ್ಟು. 7% ಉಳಿಸಲು 50% ಹೆಚ್ಚು ಕೊಟ್ಟ ಹಾಗಾಯಿತು.

ಗಡಿ ದಾಟಿ ಪೆಟ್ರೋಲ್ ಹಾಕಿಸುವ ಲೆಕ್ಕ ಹೀಗಿದೆ. ಕೇರಳದಲ್ಲಿ 2023ರ ಏಪ್ರಿಲಿನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ ಸೇರಿದೆ. ಆಚೆ ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ ಎಂದು ಹಿಡಿಯೋಣ. 20 ಲೀಟರ್ ಹಾಕಿಸಿದರೆ 80 ರೂಪಾಯಿ ಉಳಿಯಿತು. ಹೋಗಿ ಬರುವ 14 ಕಿಲೋಮೀಟರಿಗೆ ನಿಮ್ಮ ಕಾರು ಈಗ ಕುಡಿಯುವುದು ಒಂದೂಕಾಲು ಲೀಟರಿನ ಹತ್ತಿರ, 125 ರೂಪಾಯಿ. ನಷ್ಟವೇ. ಮಂಗಳೂರಿಗೋ ವಿಟ್ಲಕ್ಕೋ ಬೇರೆ ಕೆಲಸಕ್ಕೆ ಹೋದಾಗ ದಾರಿಯಲ್ಲಿ ತುಂಬಿಸಿಕೊಂಡು ಬನ್ನಿ, ಅದು ನಿಜವಾದ ಉಳಿತಾಯ.

ಇ20ಯಿಂದ ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳಿಗೆ ತೊಂದರೆ ಆಗಬಹುದು. ಮೈಲೇಜಿಗಿಂತ ನನಗೆ ಇದರದ್ದೇ ಹೆಚ್ಚು ಯೋಚನೆ. ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಕೂಡಲೇ ತೋರಿಸಿ. 15 ವರ್ಷದ ಪೈಪುಗಳನ್ನು ಒಮ್ಮೆ ಬದಲಿಸಿಬಿಡುವುದು ಒಳ್ಳೆಯದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ಮುಕ್ಕಾಲಾದರೂ ತುಂಬಿರಲಿ, ಒಳಗೆ ತೇವದ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ಕೊನೆಯ ಪ್ರಶ್ನೆ, ಕೊಡುವುದಾ ಇಟ್ಟುಕೊಳ್ಳುವುದಾ. ನೀವು ತಿಂಗಳಿಗೆ 900 ಕಿ.ಮೀ. ಓಡಿಸುತ್ತೀರಿ. ಹನ್ನೊಂದೂವರೆಗೆ 78 ಲೀಟರ್ ಬೇಕು. ಹದಿನಾಲ್ಕೂವರೆ ಬಂದರೆ 62 ಲೀಟರ್ ಸಾಕು. ಲೀಟರಿಗೆ 105 ಹಿಡಿದರೆ ತಿಂಗಳಿಗೆ 1,700 ರೂಪಾಯಿ, ವರ್ಷಕ್ಕೆ 20,000 ಉಳಿಯುತ್ತದೆ. ಮೇಲೆ ಹೇಳಿದ ರಿಪೇರಿಯಲ್ಲಿ ನಿಮ್ಮ ಕಾರಿಗೆ ಬೇಕಾದದ್ದನ್ನಷ್ಟೇ ಮಾಡಿಸಿದರೆ ಆ ಖರ್ಚು ವರ್ಷದೊಳಗೆ ವಾಪಸ್ ಬರುತ್ತದೆ. ಹದಿನಾರು ಮತ್ತೆ ಬರುವುದಿಲ್ಲ, ಅದನ್ನು ಕಾಯಬೇಡಿ. ಹದಿನಾಲ್ಕು, ಹದಿನಾಲ್ಕೂವರೆ ಬಂದರೆ ಈ ಕಾರು ಆರೋಗ್ಯವಾಗಿದೆ ಎಂದೇ ನಾನು ಹೇಳುತ್ತೇನೆ.

ಆದರೆ ದುಡ್ಡು ಹಾಕುವ ಮೊದಲು ಎರಡು ಕೆಲಸ ಮಾಡಿಸಿ. ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿ. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಮತ್ತೆ, ಕಾರನ್ನು ಲಿಫ್ಟ್ ಮೇಲೆ ಏರಿಸಿ ಅಡಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಕರಾವಳಿಯ ಉಪ್ಪು ಗಾಳಿಗೂ ಈ ಮಳೆಗೂ ತಗಡು ಒಳಗಿಂದ ತಿಂದು ಹೋಗಿರುತ್ತದೆ. ನಮ್ಮ ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಗಳಲ್ಲಿ ಇದನ್ನು ಬಹಳ ನೋಡಿದ್ದೇನೆ. 15 ವರ್ಷ ತುಂಬಿದ ಮೇಲೆ ಆರ್‌ಸಿ ಮತ್ತೆ ಐದು ವರ್ಷಕ್ಕೆ ಮಾಡಿಸಲು ತೆರಿಗೆ, ಫೀಸು ಎಲ್ಲ ಕಟ್ಟಬೇಕು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಷ್ಟು ತುಕ್ಕು ಹಿಡಿದಿದ್ದರೆ ಥರ್ಮೋಸ್ಟಾಟಿಗೂ ಸೆನ್ಸರಿಗೂ ಒಂದು ರೂಪಾಯಿ ಹಾಕಬೇಡಿ, ಕಾರನ್ನು ಕೊಟ್ಟುಬಿಡಿ. ತಗಡು ಗಟ್ಟಿಯಾಗಿದ್ದರೆ ನಾಳೆ ಬೆಳಿಗ್ಗೆಯೇ ಬಾನೆಟ್ ತೆಗೆದು ಆ ಫ್ಯಾನ್ ನೋಡಿ.